ಹಾಡು ಒಂದೇ, ಕಿವಿ ಹಲವು

ಮನುಷ್ಯನಿಗೆ ಕಿವಿಗಳು ಎರಡು, ಬಾಯಿ ಒಂದು. ಆದ್ದರಿಂದ ಆಡುವುದಕ್ಕಿಂತ ಎರಡು ಪಟ್ಟು ಕೇಳಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಡಿನ ವಿಷಯ ಬಂದಾಗ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಅರ್ಧ ಚರಣ ಕೇಳುವಷ್ಟರಲ್ಲಿ ತೀರ್ಪು ಸಿದ್ಧವಾಗಿರುತ್ತದೆ. ತಂದೆಗೆ ಗದ್ದಲವೆನಿಸಿದ್ದು ಮಗನಿಗೆ ಪ್ರಾಣ. ತಾಯಿಗಾದರೋ ಅದು ಪರೀಕ್ಷೆಯ ಅಂಕಗಳನ್ನು ನುಂಗುವ ಮಾರಿ. ಮನೆಯಲ್ಲಿ ಒಂದೇ ರೇಡಿಯೋ ಇದ್ದ ಕಾಲದಲ್ಲಿ ಧಾರವಾಡ ಆಕಾಶವಾಣಿ ಹಾಕಿದ್ದನ್ನು ಅಜ್ಜ, ಮೊಮ್ಮಗ ಇಬ್ಬರೂ ಕೇಳಲೇಬೇಕಿತ್ತು. ಆಮೇಲೆ ಕ್ಯಾಸೆಟ್ ಬಂತು, ಸಿ.ಡಿ. ಬಂತು, ಈಗ ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್, ಕಿವಿಯಲ್ಲಿ ಇಯರ್‌ಫೋನ್. ಒಂದೇ ಸೂರಿನಡಿ ನಾಲ್ವರು ನಾಲ್ಕು ಲೋಕಗಳಲ್ಲಿ ಕುಳಿತಿರುತ್ತಾರೆ. ಕೂಡಿ ಕೇಳುವುದು ನಿಂತುಹೋಗಿದೆ; ಅಭಿಪ್ರಾಯ ಹೇಳುವುದು ನಿಂತಿಲ್ಲ.

"ಫಾದರ್, ನಮ್ಮ ಮಕ್ಕಳು ಎಂಥ ಹಾಡು ಕೇಳಬೇಕು?" ಎಂದು ತಂದೆತಾಯಿಗಳು ನನ್ನನ್ನು ಆಗಾಗ ಕೇಳುತ್ತಾರೆ. ಪಟ್ಟಿ ಮಾಡಿ ಕೊಡುವುದು ಸುಲಭ. ಆದರೆ ಪಟ್ಟಿಯಿಂದ ಯಾವ ಮನೆಯಲ್ಲೂ ಸಂಗೀತ ಹುಟ್ಟಿದ್ದನ್ನು ನಾನು ಕಂಡಿಲ್ಲ. ಅದರ ಬದಲು, ಒಂದು ಆಲ್ಬಂ ಕುರಿತು ನಮ್ಮ ಬೆಳಗಾವಿ ಹಾಗೂ ಖಾನಾಪುರದ ಜನ ನನ್ನೊಡನೆ ಆಡಿದ ಮಾತುಗಳನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ಒಂದು ಹಾಡನ್ನು ಹೇಗೆ ಕೇಳಬೇಕು ಎಂಬುದಕ್ಕೆ ಅವರ ಮಾತುಗಳಲ್ಲೇ ಉತ್ತರವಿದೆಯೆಂದು ನನ್ನ ನಂಬಿಕೆ.

ಆ ಆಲ್ಬಂ ರಘು ದೀಕ್ಷಿತ್ ಅವರ ಚೊಚ್ಚಲ ಧ್ವನಿಮುದ್ರಿಕೆ. ವಿಶಾಲ್–ಶೇಖರ್ ಎಂಬ ಹಿಂದಿ ಚಿತ್ರಸಂಗೀತದ ಜೋಡಿ ಅದನ್ನು 2008ರಲ್ಲಿ ಹೊರತಂದಿತು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಈ ಗಾಯಕ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದವರು, ಭರತನಾಟ್ಯವನ್ನು ಅಭ್ಯಾಸ ಮಾಡಿದವರು. ಗಿಟಾರ್ ಹಿಡಿದದ್ದು ಕಾಲೇಜಿನ ದಿನಗಳಲ್ಲಿ. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ವೇದಿಕೆಗೆ ಬರುವುದು ಅವರ ರೂಢಿ. ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಭಾಷೆಗಳ ಹಾಡುಗಳಿವೆ. ಗಿಟಾರ್, ಡ್ರಮ್ಸ್, ಪಿಟೀಲು ಒಟ್ಟಿಗೆ ನುಡಿಯುತ್ತವೆ. ಆದರೆ ನಮ್ಮ ಕಡೆಯ ಜನರ ಕಿವಿ ನೆಟ್ಟಗಾಗಲು ಕಾರಣ ಬೇರೆ. ಕನ್ನಡದಲ್ಲಿರುವ ಎರಡು ಹಾಡುಗಳೂ, ಅಂದರೆ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ', ಶಿಶುನಾಳ ಶರೀಫರ ತತ್ತ್ವಪದಗಳು.

ಶರೀಫರು (1819–1889) ನಮ್ಮ ನೆರೆಯವರು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿ, ಕೆಲಕಾಲ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಮುಸಲ್ಮಾನ ಸಂತ. ಬ್ರಾಹ್ಮಣ ಗುರು ಶಿಷ್ಯನ ಕೊರಳಿಗೆ ಜನಿವಾರ ಹಾಕಿದರೆಂಬ ಕಥೆ ಈ ಸೀಮೆಯಲ್ಲಿ ಮನೆಮಾತು. ಅವರ ಪದಗಳು ಹಳ್ಳಿಯ ಭಜನಾ ಮೇಳಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳೊಡನೆ ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಬಂದವು. ಇಂಥ ಪದಗಳನ್ನು ಮೈಸೂರಿನ ತರುಣನೊಬ್ಬ ರಾಕ್ ವಾದ್ಯಗಳಿಗೆ ಹಾಡಿದನೆಂದರೆ ಅಭಿಪ್ರಾಯಗಳಿಗೆ ಬರವೇ?

ಮೊದಲ ಅಭಿಪ್ರಾಯ ಬಂದದ್ದು ಬೆಳಗಾವಿಯ ಶಹಾಪುರದ ಹಿರಿಯರೊಬ್ಬರಿಂದ. ನಿವೃತ್ತ ಶಿಕ್ಷಕರು, ತಂಬೂರಿಯ ಶ್ರುತಿ ಕೂದಲೆಳೆಯಷ್ಟು ಸರಿದರೂ ಹುಬ್ಬು ಗಂಟಿಕ್ಕುವವರು. ನಮ್ಮ ನಗರದಲ್ಲಿ ಇಂಥ ಕಿವಿಗಳಿಗೆ ಕೊರತೆಯಿಲ್ಲ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ. ಹಾರ್ಮೋನಿಯಂ ವಿದ್ವಾಂಸರಾದ ಪಂಡಿತ ರಾಮಭಾವು ವಿಜಾಪುರೆಯವರು ಬಾಳಿ, ಶಿಷ್ಯರನ್ನು ಬೆಳೆಸಿದ ಊರು ಇದು. ಆ ಹಿರಿಯರು ಎರಡೂ ಪದಗಳನ್ನು ಪೂರ್ತಿಯಾಗಿ ಕೇಳಿದರು. ಅದು ಅವರ ದೊಡ್ಡ ಗುಣ. ಬಳಿಕ ಹೇಳಿದರು: "ಶರೀಫರ ಪದಾ ಹಿಂಗ ಒದರಿ ಹಾಡೂದಲ್ಲ ಫಾದರ್. ಅದು ತನ್ನಷ್ಟಕ್ಕ ತಾನ ಒಳಗ ಇಳೀಬೇಕು. ಇಲ್ಲಿ ಡ್ರಮ್ಮ ಮುಂದ ಐತಿ, ಮಾತು ಹಿಂದ ಐತಿ."

ಈ ಟೀಕೆಯನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ತತ್ತ್ವಪದದಲ್ಲಿ ರಾಗವು ಮಾತಿನ ಊಳಿಗಕ್ಕೆ ನಿಂತಿರುತ್ತದೆ. ಏಕತಾರಿಯ ಒಂದೇ ಸ್ವರ ಹಿನ್ನೆಲೆಯಲ್ಲಿ ಮಿಡಿಯುತ್ತಿರುವಾಗ ಕೇಳುಗನ ಗಮನಕ್ಕೆ ಅರ್ಥವನ್ನು ಬಿಟ್ಟು ಬೇರೆ ಆಸರೆಯೇ ಇರುವುದಿಲ್ಲ. ರಾಕ್ ಸಂಗೀತದಲ್ಲಿ ತಾಳವೇ ಯಜಮಾನ. ಅದು ಮೊದಲು ಕಾಲನ್ನು ಹಿಡಿಯುತ್ತದೆ, ಅನಂತರ ಕಿವಿಯನ್ನು. ಹಿರಿಯರು ಗುರುತಿಸಿದ ವ್ಯತ್ಯಾಸ ನಿಜವಾದುದೇ.

ಆದರೂ ನಾನು ಅವರೆದುರು ಒಂದು ಪ್ರಶ್ನೆಯನ್ನಿಟ್ಟೆ. ಶರೀಫರು ತಮ್ಮ ಪದಗಳಿಗೆ ಸ್ವರಲಿಪಿ ಬರೆದಿಟ್ಟು ಹೋಗಲಿಲ್ಲ. ನಾವು ಇಂದು ಶರೀಫರ ಧಾಟಿಯೆಂದು ಗುನುಗುವ ಬಹುಪಾಲು ಧಾಟಿಗಳು ಸಿ. ಅಶ್ವಥ್ ಅವರವು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದ ಮೇಲಂತೂ ಅಶ್ವಥ್ ಅವರ ಕಂಠವೇ ಶರೀಫರ ಕಂಠವೆಂಬಷ್ಟು ಅವು ನೆಲೆಯೂರಿದವು. ಆ ಕಂಠವೂ ಮೆಲುದನಿಯದಲ್ಲ. ಹಿನ್ನೆಲೆಯಲ್ಲಿ ವಾದ್ಯಗಳೂ ಕಡಿಮೆಯಿರಲಿಲ್ಲ. ಊರ ಭಜನೆಯ ಮುದುಕರಿಗೆ ಅಂದು ಅದೂ ಹೊಸದೇ ಆಗಿತ್ತಲ್ಲವೇ? ಕುಮಾರ ಗಂಧರ್ವರು ಘರಾಣೆಯ ಬೇಲಿ ದಾಟಿ ಹಾಡಿದಾಗ, ಕಬೀರರ ನಿರ್ಗುಣ ಪದಗಳಿಗೆ ತಮ್ಮದೇ ದಾರಿ ಹುಡುಕಿದಾಗ ತಲೆಯಲ್ಲಾಡಿಸಿದ ಪಂಡಿತರೂ ಇದ್ದರು. ಇಂದು ಆ ಗಾಯನವೇ ನಮಗೆ ಪರಂಪರೆ. ಹಿರಿಯರು ನಕ್ಕರು. "ಕುಮಾರರ ಮಾತು ಬ್ಯಾರೆ ಬಿಡ್ರಿ" ಎಂದರು. ಬೇರೆ ಹೌದು. ಆದರೆ ಬೇರೆ ಎಂದು ಗೊತ್ತಾಗಲು ಕಾಲ ಬೇಕಾಯಿತು ಎಂಬುದೂ ಅಷ್ಟೇ ಸತ್ಯ.

ಎರಡನೆಯ ಅಭಿಪ್ರಾಯ ಖಾನಾಪುರದ ಯುವಜನರದು. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ ಬಂದರೆ ಬಯಲು ಮುಗಿದು ಕಾಡು ಎದುರಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಊರಿನ ಬದಿಯಲ್ಲಿ ಹರಿಯುತ್ತಾಳೆ. ಇಲ್ಲಿಯ ನಮ್ಮ ಅನೇಕ ಕುಟುಂಬಗಳಲ್ಲಿ ಅಡುಗೆಮನೆಯ ಮಾತು ಕೊಂಕಣಿ, ಪೇಟೆಯ ಮಾತು ಮರಾಠಿ, ಕಚೇರಿಯ ಮಾತು ಕನ್ನಡ. ಮೂರು ಭಾಷೆಗಳ ನಡುವೆ ಬೆಳೆದ ಮಕ್ಕಳಿಗೆ ಮೂರು ಭಾಷೆಗಳ ಆಲ್ಬಂ ವಿಚಿತ್ರವೆನಿಸಲಿಲ್ಲ. ಅವರು ಮೊದಲು ಮೆಚ್ಚಿದ್ದು 'ಮೈಸೂರ್ ಸೇ ಆಯೀ' ಎಂಬ ಲವಲವಿಕೆಯ ಹಿಂದಿ ಹಾಡನ್ನು. ಶರೀಫರ ಪದಗಳು ಅದರ ಜೊತೆಗೆ, ಕರೆಯದ ಅತಿಥಿಗಳಂತೆ, ಅವರ ಕಿವಿಗೆ ಬಿದ್ದವು. ಒಬ್ಬ ಹುಡುಗ ಹೇಳಿದ ಮಾತು ನನಗೆ ಮರೆಯದು: "ಶರೀಫರು ಅಂದ್ರ ನಮಗ ಪರೀಕ್ಷಾದಾಗ ಬರೋ ಕವಿ ಪರಿಚಯ ಇದ್ದಂಗ ಇತ್ತು ಫಾದರ್. ಅವರು ಹಾಡು ಅಂತ ಈಗ ಗೊತ್ತಾತು."

ಪಠ್ಯಪುಸ್ತಕದಲ್ಲಿ ಮಲಗಿದ್ದ ಕವಿಯನ್ನು ಎಬ್ಬಿಸಿದ ಮೇಲೆ ಆ ಗಿಟಾರನ್ನು ಸಂಪೂರ್ಣವಾಗಿ ಬೈಯಲು ಮನಸ್ಸಾಗುವುದಿಲ್ಲ. ಆದರೆ ಎಬ್ಬಿಸಿದರೆ ಸಾಲದು, ಅವನ ಮಾತನ್ನೂ ಕೇಳಬೇಕಲ್ಲ. ಇಲ್ಲೊಂದು ತಮಾಷೆ ನಡೆಯಿತು. ಹುಡುಗರು 'ಗುಡುಗುಡಿ'ಯ ಹಾಡನ್ನು ಎಲ್ಲೆಂದರಲ್ಲಿ ಗುನುಗತೊಡಗಿದಾಗ ತಾಯಿಯೊಬ್ಬರು ಗಾಬರಿಗೊಂಡು ಬಂದರು. "ಫಾದರ್, ಗುಡುಗುಡಿ ಸೇದು ಅಂತ ಹಾಡ್ಲಿಕತ್ತಾರ, ನೀವು ಕೇಳಿಕೋತ ಸುಮ್ಮನ ಕುಂತೀರಿ!" ಅವರ ಆತಂಕ ಸಹಜವಾದುದೇ. ಮಗ ತಾಳ ಹಾಕುತ್ತಿದ್ದ. ಅರ್ಥ ಅವನಿಗೂ ತಿಳಿದಿರಲಿಲ್ಲ. ಇಬ್ಬರನ್ನೂ ಕೂರಿಸಿ ಪದವನ್ನು ಬಿಡಿಸಿ ಹೇಳಬೇಕಾಯಿತು. ಶರೀಫರು ಹೇಳುವ ಗುಡುಗುಡಿಯಲ್ಲಿ ಉರಿಯುವುದು ತಂಬಾಕಲ್ಲ, ನಮ್ಮ ಮೋಹ. ಮನಸ್ಸೇ ಅದರ ಸಂಚಿ, ಅರಿವೇ ಬೆಂಕಿ. ಒಳಗಿನ ರೋಗವನ್ನು ಹೊರಗೆಸೆಯಲು ಸಂತನೊಬ್ಬ ಊರ ಕಟ್ಟೆಯ ಮೇಲೆ ಕುಳಿತವರ ಕೈಯಲ್ಲಿದ್ದ ವಸ್ತುವನ್ನೇ ಪಾಠದ ಹಲಗೆ ಮಾಡಿಕೊಂಡ. ತಾಯಿಗೆ ಸಮಾಧಾನವಾಯಿತು. ಮಗನ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ, ಆಶ್ಚರ್ಯ. ತಾನು ಇಷ್ಟು ದಿನ ಹಾಡಿದ್ದು ಇದನ್ನೇ ಎಂಬ ಆಶ್ಚರ್ಯ.

ಮೂರನೆಯ ಅಭಿಪ್ರಾಯವನ್ನು ನಾನು ಇಂದಿಗೂ ಮನಸ್ಸಿನಲ್ಲಿ ತಿರುವಿಹಾಕುತ್ತಿರುತ್ತೇನೆ. ಖಾನಾಪುರದಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಕುಟುಂಬಗಳನ್ನು ಸಂಜೆ ಕೂಡಿಸಿ, ಮನೆಗೊಂದರಂತೆ ತಮಗೆ ಪ್ರಿಯವಾದ ಹಾಡು ತಂದು ಎಲ್ಲರಿಗೂ ಕೇಳಿಸಬೇಕೆಂದು ಹೇಳಿದ್ದೆ. ಷರತ್ತು ಒಂದೇ: ಹಾಡು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಒಬ್ಬ ತರುಣ ಈ ಆಲ್ಬಂ ತಂದು 'ಸೋರುತಿಹುದು ಮನೆಯ ಮಾಳಿಗಿ' ಹಾಕಿದ. ಅವನ ತಂದೆ ಮನೆಗಳಿಗೆ ಹಂಚು ಹೊದಿಸುವ ಕೆಲಸದವರು. ಕೂಡಿಟ್ಟ ಹಣದಲ್ಲಿ ಮಗ ಗಿಟಾರ್ ಕೊಂಡನೆಂದು ಅಪ್ಪ-ಮಗನ ನಡುವೆ ತಿಂಗಳುಗಳಿಂದ ಮಾತಿರಲಿಲ್ಲ. ತಂದೆ ಒಳಗೆ ಬರದೆ ಬಾಗಿಲ ಬಳಿ ನಿಂತಿದ್ದರು.

ಹಾಡು ಮುಗಿದಾಗ ಮೊದಲು ಬಾಯಿಬಿಟ್ಟವರು ಬೈಲಹೊಂಗಲದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ. ಅವರು ಗಿಟಾರಿನ ಮಾತನ್ನೇ ಎತ್ತಲಿಲ್ಲ. "ಇಲ್ಲಿ ಹುಡುಗರಿಗೆ ಮಾಳಿಗಿ ಅಂದ್ರೇನು ಗೊತ್ತೈತೇನ್ರಿ?" ಎಂದು ಕೇಳಿದರು. ನಿಜ, ಖಾನಾಪುರದ ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಇದು ಜಡಿಮಳೆಯ ಸೀಮೆ. ಇಲ್ಲಿ ಇಳಿಜಾರಾದ ಹಂಚಿನ ಮಾಡು. ಮಾಳಿಗೆ ಎಂಬುದು ಪೂರ್ವದ ಬಯಲುಸೀಮೆಯದು: ತೊಲೆ, ಜಂತಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ದಪ್ಪನಾಗಿ ಮಣ್ಣು ಹೊದಿಸಿ ತುಳಿದು ಗಟ್ಟಿ ಮಾಡಿದ ಸಮತಟ್ಟಾದ ಮೇಲ್ಛಾವಣಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದರ ಮೇಲೇರಿ ಬಿರುಕು ಮುಚ್ಚಬೇಕು, ಇಲಿ ಹೆಗ್ಗಣಗಳ ಬಿಲ ತುಂಬಬೇಕು, ಹೊಸ ಮಣ್ಣು ಹಾಕಬೇಕು, ಬೆಳೆದ ಹುಲ್ಲು ಕೀಳಬೇಕು. ಇದನ್ನೆಲ್ಲ ಅಜ್ಜಿ ತಮ್ಮ ಮಾತಿನಲ್ಲಿ ವಿವರಿಸಿ ಕೊನೆಗೆ ಹೇಳಿದರು: "ಮಾಳಿಗಿ ಸೋರೂದು ಮಳಿಗಾಲದಾಗ ಕಾಣತೈತಿ ಖರೆ. ಆದ್ರ ಅದು ಕೆಟ್ಟಿದ್ದು ಬ್ಯಾಸಗ್ಯಾಗ. ಆವಾಗ ಯಾರೂ ಮ್ಯಾಲ ಹತ್ತಿ ನೋಡಿರಂಗಿಲ್ಲ."

ಸಭೆ ಸ್ತಬ್ಧವಾಯಿತು. ಹೊರಗೆ ಮಳೆ ಸುರಿಯುತ್ತಿತ್ತು. ಆ ಪದದಲ್ಲಿ ಮನೆಯೆಂದರೆ ಈ ದೇಹ, ಈ ಬಾಳು. ಸೋರಿಕೆಗೆ ಕಾರಣ ಅಜ್ಞಾನ. ಕತ್ತಲಲ್ಲಿ ಮೇಲೇರಿ ದುರಸ್ತಿ ಮಾಡುವವರಿಲ್ಲ ಎಂಬುದು ಅಳಲು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಾನು ಇದನ್ನು ಪಾರಿಭಾಷಿಕ ಶಬ್ದಗಳಲ್ಲಿ ವಿವರಿಸಬಹುದಿತ್ತು. ಅಜ್ಜಿ ಹೇಳಿದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಆಗ ಬಾಗಿಲ ಬಳಿಯಿದ್ದ ತಂದೆ ಒಂದು ಮಾತು ಹೇಳಿದರು: "ಹಂಚಿನ ಮನೀನೂ ಹಂಗ. ಮಳಿ ಸುರು ಆದ ಮ್ಯಾಲ ಕರ್ದರ ನಾನೂ ಹತ್ತೂದಿಲ್ಲ." ತುಸು ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಹಚ್ಚು" ಎಂದು ಮಗನಿಗೆ ಹೇಳಿದರು. ಹಲವು ತಿಂಗಳ ನಂತರ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಅದು. ಅವರ ಎಲ್ಲ ಮನಸ್ತಾಪ ಅಂದೇ ಕರಗಿತೆಂದು ನಾನು ಹೇಳಲಾರೆ. ಬದುಕು ಅಷ್ಟು ಸಲೀಸಲ್ಲ. ಮಗ ಮರುವರ್ಷ ಗೋವೆಗೆ ದುಡಿಯಲು ಹೋದ. ಹೋಗುವಾಗ ಆ ಸಿ.ಡಿ.ಯನ್ನು ಮನೆಯಲ್ಲೇ ಬಿಟ್ಟುಹೋದ. ತಂದೆ ಅದನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಸಮುದ್ರದಾಚೆಯ ಕೇಳುಗರ ಅಭಿಪ್ರಾಯವೂ ಗಮನಾರ್ಹ. 2010ರಲ್ಲಿ ರಘು ದೀಕ್ಷಿತ್ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದ ಬಳಿಕ ಈ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಅವರನ್ನು ಅತ್ಯುತ್ತಮ ಹೊಸ ಕಲಾವಿದರೆಂದು ಗೌರವಿಸಿತು. ಆ ಕೇಳುಗರಲ್ಲಿ ಬಹುತೇಕರಿಗೆ ಕನ್ನಡದ ಒಂದಕ್ಷರವೂ ಬಾರದು. ಅವರು ಕೇಳಿದ್ದು ಚೈತನ್ಯವನ್ನು, ತಾಳವನ್ನು, ಹಿಗ್ಗನ್ನು. ಅದು ಸುಳ್ಳು ಕೇಳ್ಮೆಯೆಂದು ನಾನು ಹೇಳುವುದಿಲ್ಲ. ನಮ್ಮ ಅಜ್ಜ ಅಜ್ಜಿಯರು ಲ್ಯಾಟಿನ್ ಬಲಿಪೂಜೆಯ ಗೀತೆಗಳನ್ನು ಅರ್ಥ ತಿಳಿಯದೆಯೇ ಕಣ್ಣುಮುಚ್ಚಿ ಹಾಡಿದರು; ಅವರ ಭಕ್ತಿ ನಮ್ಮದಕ್ಕಿಂತ ಕಡಿಮೆಯದೇನಲ್ಲ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗೂ ಆಯಾ ನಾಡಿನ ಸಂಗೀತಕ್ಕೂ ಬಾಗಿಲು ತೆರೆದಾಗ, ದೇವಾಲಯದೊಳಗೆ ತಬಲಾ ಬಂತೆಂದು ಮುನಿದವರೂ ಇದ್ದರು, ಗಿಟಾರ್ ಬಂತೆಂದು ಮುನಿದವರೂ ಇದ್ದರು. ಇಂದು ನಮ್ಮ ಗಾನವೃಂದಗಳಲ್ಲಿ ಎರಡೂ ಇವೆ. ನಾದ ಬಾಗಿಲ ತನಕ ಕರೆತರುತ್ತದೆ. ಮನೆಯೊಳಗೆ ಹೋಗಲು ಮಾತಿನ ಅರ್ಥವೂ ಬೇಕು. ಬೈಲಹೊಂಗಲದ ಅಜ್ಜಿ ಕೇಳಿದಷ್ಟನ್ನು ಲಂಡನ್ನಿನ ಕೇಳುಗ ಕೇಳಿರಲಾರ.

ನನ್ನ ಸ್ವಂತ ಅಭಿಪ್ರಾಯವೇನೆಂದು ಓದುಗರು ಕೇಳಬಹುದು. ಆಲ್ಬಂ ಏಕರೂಪದ್ದಲ್ಲ. ಇಂಗ್ಲಿಷ್ ಪ್ರೇಮಗೀತೆ ನನಗೆ ಸಾಧಾರಣವೆನಿಸಿತು. ಅಂಥ ಹಾಡುಗಳನ್ನು ಆ ಭಾಷೆಯವರೇ ಬೇಕಾದಷ್ಟು ಮಾಡಿದ್ದಾರೆ. ಬದುಕನ್ನು ಇನ್ನೊಮ್ಮೆ ಕೊಡೆಂದು ದೇವರನ್ನು ಬೇಡುವ 'ಹೇ ಭಗವಾನ್' ಹಾಡಿನಲ್ಲಿ ಕುಣಿತ ಹೆಚ್ಚು, ಆದರೂ ಬೇಡಿಕೆ ಪ್ರಾಮಾಣಿಕ. ಶರೀಫರ ಎರಡು ಪದಗಳಲ್ಲಿ ಗುಡುಗುಡಿಗೆ ಈ ಸಂಗೀತ ಒಪ್ಪುತ್ತದೆ, ಏಕೆಂದರೆ ಅಲ್ಲಿ ಕೆಣಕುವ ತುಂಟತನವಿದೆ. ಮಾಳಿಗೆಯ ಪದಕ್ಕೆ ಇನ್ನಷ್ಟು ಮೌನ ಬೇಕಿತ್ತು. ಮನೆ ಸೋರುವವನು ರಾತ್ರಿ ಪಾತ್ರೆ ಹಿಡಿದು ಎಚ್ಚರವಾಗಿ ಕೂರುತ್ತಾನೆ; ಆ ಹೊತ್ತಿನ ನಿಶ್ಶಬ್ದ ನನಗಲ್ಲಿ ಸಾಲದಾಯಿತು.

ಇನ್ನೊಂದು ಅಭಿಪ್ರಾಯವನ್ನು ಮರೆಮಾಚುವುದು ತಪ್ಪಾಗುತ್ತದೆ. 2018ರಲ್ಲಿ ಈ ಗಾಯಕನ ವರ್ತನೆಯ ಬಗೆಗೆ ಮಹಿಳೆಯೊಬ್ಬರ ದೂರು ಬಹಿರಂಗವಾಗಿ, ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಬೆಳಗಾವಿಯ ಯುವ ಶಿಕ್ಷಕಿಯೊಬ್ಬರು ಅಂದಿನಿಂದ ಆ ಹಾಡುಗಳನ್ನು ಕೇಳುವುದನ್ನು ಬಿಟ್ಟರು. "ಪದಾ ಶರೀಫರದು, ಅದನ್ನ ಬಿಟ್ಟಿಲ್ಲ ಫಾದರ್. ಆ ದನಿ ಮಾತ್ರ ಬ್ಯಾಡ ಅನಸ್ತದ" ಎಂದರು. ಅವರ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ಹಾಡು ಚೆನ್ನಾಗಿದೆಯೆಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳ ನೋವು ಹಗುರವಾಗುವುದಿಲ್ಲ. ಕೇಳುವುದೆಂದರೆ ಹಾಡುವವರನ್ನು ಕೇಳುವುದಷ್ಟೇ ಅಲ್ಲ, ನೊಂದವರನ್ನೂ ಕೇಳುವುದು.

ಇಷ್ಟೆಲ್ಲ ಮಾತುಗಳಿಂದ ನಾನು ಕಲಿತದ್ದನ್ನು ಮನೆಮಂದಿಯ ಮುಂದೆ ಮೂರು ಪ್ರಶ್ನೆಗಳಾಗಿ ಇಡಬಯಸುತ್ತೇನೆ. ಅಭಿಪ್ರಾಯ ಹೇಳುವ ಮುನ್ನ ಹಾಡನ್ನು ಪೂರ್ತಿ ಕೇಳಿದ್ದೇವೆಯೇ? ಅದರ ಮಾತು ಏನು ಹೇಳುತ್ತಿದೆಯೆಂದು ತಿಳಿದಿದ್ದೇವೆಯೇ? ನಮಗೆ ಬೇಡವಾಗಿರುವುದು ಆ ಹಾಡೋ, ಅಥವಾ ಅದನ್ನು ಮನೆಗೆ ತಂದವರೋ? ಮೂರನೆಯದು ಕಠಿಣವಾದ ಪ್ರಶ್ನೆ. ಮಗನ ಗಿಟಾರಿನ ಮೇಲೆ ತಂದೆಗಿದ್ದ ಸಿಟ್ಟಿನಲ್ಲಿ ಸಂಗೀತದ ಪಾಲು ಎಷ್ಟಿತ್ತು? ತಂದೆಯ ಹಳೆಯ ಭಜನೆಯನ್ನು ಕಂಡು ನಗುವ ಮಗಳ ನಗೆಯಲ್ಲಿ ಭಜನೆಯ ಪಾಲು ಎಷ್ಟು?

ತಿಂಗಳಿಗೊಂದು ಸಂಜೆ ಊಟಕ್ಕೆ ಮುಂಚೆ ಇಯರ್‌ಫೋನುಗಳನ್ನು ತೆಗೆದಿಟ್ಟು, ಮನೆಯ ಪ್ರತಿಯೊಬ್ಬರೂ ಒಂದು ಹಾಡನ್ನು ಉಳಿದವರಿಗೆ ಕೇಳಿಸಲಿ. ಮುಗಿಯುವವರೆಗೆ ಮಾತು ಬೇಡ. ಮುಗಿದ ಮೇಲೆ ಹಿರಿಯರು ಮಕ್ಕಳ ಹಾಡಿನ ಅರ್ಥ ಕೇಳಲಿ, ಮಕ್ಕಳು ಹಿರಿಯರ ಹಾಡಿನ ಕಥೆ ಕೇಳಲಿ. ಮೆಚ್ಚಲೇಬೇಕೆಂದೇನೂ ಇಲ್ಲ. ಸಂಬಂಧಗಳ ಮಾಳಿಗೆಯೂ ಬೇಸಿಗೆಯಲ್ಲಿ, ಎಲ್ಲವೂ ನೆಟ್ಟಗಿದೆಯೆಂದು ತೋರುವ ದಿನಗಳಲ್ಲಿ, ಸದ್ದಿಲ್ಲದೆ ಬಿರುಕು ಬಿಡುತ್ತದೆ. ಮೋಡ ಕವಿಯುವ ಮುನ್ನ ಒಮ್ಮೆ ಮೇಲೆ ಹತ್ತಿ ನೋಡುವುದು ಲೇಸು.